ರಾಯಚೂರಿನಿಂದ ಅಳೆದ ಎರಡು ಊರುಗಳು

ರಾಯಚೂರಿನವರಿಗೆ ದೊಡ್ಡ ಊರುಗಳೆಂದರೆ ಎರಡು. ಹೈದರಾಬಾದ್ ಇನ್ನೂರು ಕಿಲೋಮೀಟರ್ ಆಸುಪಾಸು, ಬೆಂಗಳೂರು ಹೆಚ್ಚುಕಡಿಮೆ ಅದರ ಎರಡರಷ್ಟು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನನ್ನ ಅಜ್ಜ ಹೊಲದ ತಕರಾರಿಗೆ ಹೈಕೋರ್ಟ್ ಹತ್ತುತ್ತಿದ್ದುದು ಅಲ್ಲಿಯೇ. ಬೆಂಗಳೂರು ನಮ್ಮ ಮನೆಯ ಮಾತಿನೊಳಗೆ ಬಂದದ್ದು ಒಂದು ತಲೆಮಾರು ತಡವಾಗಿ.

ನಾನು ಎರಡೂ ಕಡೆ ಸಂಸಾರ ಹೂಡಿದವಳು. ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. 2018ರಿಂದ 2021ರವರೆಗೆ ಹೈದರಾಬಾದಿನ ಪಟಾನ್‌ಚೆರುವಿನಲ್ಲಿ, ಆಮೇಲೆ ಮೂರು ವರ್ಷ ಬೆಂಗಳೂರಿನ ಬೊಮ್ಮಸಂದ್ರದಲ್ಲಿ. 2024ರ ಮಾರ್ಚ್‌ನಲ್ಲಿ ಹೈದರಾಬಾದಿನಿಂದ ಮತ್ತೆ ಕರೆ ಬಂತು. ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಗಂಡ ಊರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಲೆಕ್ಕಪತ್ರವನ್ನು ಮನೆಯಿಂದಲೇ ನೋಡಿಕೊಳ್ಳುವವರು. "ನೀನು ಎಲ್ಲಿ ಎಂದರೆ ಅಲ್ಲಿ" ಎಂದುಬಿಟ್ಟರು. ಕೇಳಲು ಬಹಳ ಹಿತವಾದ ಮಾತು. ಲೆಕ್ಕ ತಪ್ಪಿದರೆ ದೂರು ನನ್ನ ತಲೆಗೆ ಎಂಬುದು ಅದರ ಅರ್ಥ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಹವೆ, ಬಾಡಿಗೆ, ನೀರು, ಓಡಾಟ, ಶಾಲೆ, ಉದ್ಯಾನ ಮುಂತಾಗಿ ಬರೆದು, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿದೆ. ಬೆಂಗಳೂರಿಗೆ 61, ಹೈದರಾಬಾದಿಗೆ 63. ಮರುದಿನ ಬೆಳಿಗ್ಗೆ ಮಳೆ ಹನಿದು ತಂಪಾಗಿತ್ತು, ಹವೆಯ ಅಂಕ ತಿದ್ದಿದೆ, ಬೆಂಗಳೂರು ಗೆದ್ದಿತು. ಆಗ ನಾಚಿಕೆಯಾಯಿತು. ಪ್ರಯೋಗಾಲಯದಲ್ಲಿ ಮಾತ್ರೆಯನ್ನು ಪರೀಕ್ಷೆಗೆ ಇಡುವ ಮೊದಲೇ ಎಷ್ಟು ಬಂದರೆ ಪಾಸು ಎಂಬುದು ಬರೆದಿಟ್ಟಿರುತ್ತದೆ. ಫಲಿತಾಂಶ ನೋಡಿಕೊಂಡು ಮಿತಿ ಬದಲಿಸಿದವರನ್ನು ನಾವು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ.

ಆ ಹಾಳೆ ಹರಿದು, ಹಿಂದಿನ ಮೂರು ವರ್ಷಗಳ ಕ್ಯಾಲೆಂಡರ್, ಬ್ಯಾಂಕಿನ ಪಾಸ್‌ಬುಕ್, ಮೊಬೈಲಿನ ಟಿಕೆಟ್‌ಗಳು ಎಲ್ಲವನ್ನೂ ಮುಂದಿಟ್ಟುಕೊಂಡೆ. ಊರಿನಲ್ಲಿ ಏನೇನಿದೆ ಎಂಬುದನ್ನು ಬಿಟ್ಟು, ಅದರಲ್ಲಿ ನಾವು ಬಳಸಿದ್ದೇನು ಎಂದು ಎಣಿಸಿದೆ. ಲಾಲ್‌ಬಾಗಿಗೆ ಹೋದದ್ದು ಎರಡು ಸಲ. ನಾಟಕ ನೋಡಿದ್ದು ಒಂದೇ ಒಂದು. ಅವ್ವನನ್ನು ನೋಡಲು ರಾಯಚೂರಿಗೆ ಹೋದದ್ದು ಇಪ್ಪತ್ತಾರು ಸಲ. ಅಂಕಪಟ್ಟಿಯಲ್ಲಿ ರಾಯಚೂರಿಗೆ ಒಂದು ಸಾಲೂ ಇರಲಿಲ್ಲ ನೋಡಿ.

ಆ ಇಪ್ಪತ್ತಾರರಲ್ಲಿ ಒಂದನ್ನು ಹೇಳಲೇಬೇಕು. 2023ರಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯವರ ಫೋನು: ಅವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ನಾವಿದ್ದದ್ದು ಬೊಮ್ಮಸಂದ್ರದ ಪಕ್ಕದ ಚಂದಾಪುರದಲ್ಲಿ. ಅಲ್ಲಿಂದ ಮೆಜೆಸ್ಟಿಕ್ ಮುಟ್ಟುವ ಹೊತ್ತಿಗೆ ನಮಗೆ ಬೇಕಾದ ಬಸ್ಸುಗಳು ಹೊರಟುಹೋಗಿದ್ದವು. ಎರಡು ಬಸ್ ಬದಲಿಸಿ ಊರು ಸೇರಿದಾಗ ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಅವ್ವನ ಕೈಗೆ ಪ್ಲಾಸ್ಟರ್ ಹಾಕಿ ಆಗಿತ್ತು, ಪಕ್ಕದ ಮನೆಯವರು ಗಂಜಿ ಕುಡಿಸಿಯೂ ಆಗಿತ್ತು. ಹೈದರಾಬಾದಿನಲ್ಲಿದ್ದಿದ್ದರೆ ಕಾರು ಮಾಡಿಕೊಂಡಾದರೂ ನಸುಕಿಗೆ ಮೊದಲೇ ತಲುಪುತ್ತಿದ್ದೆವು. ಅಲ್ಲಿನ ಮಿಯಾಪುರದಲ್ಲಿ ಮೆಟ್ರೊ ಹತ್ತಿದರೆ ನೇರ ಇಮ್ಲಿಬನ್ ಬಸ್ ನಿಲ್ದಾಣದ ಪಕ್ಕಕ್ಕೆ ಇಳಿಸುತ್ತದೆ. ಅಲ್ಲಿ ರಾಯಚೂರು ಬಸ್ ಹಿಡಿದರೆ ಮಹಬೂಬ್‌ನಗರ, ಮಕ್ತಲ್, ಕೃಷ್ಣಾ ನದಿ, ಶಕ್ತಿನಗರ, ಮನೆ.

ಹಾಗೆಂದು ಬೆಂಗಳೂರನ್ನು ಹಳಿಯಲಾರೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ಊರು. ರಾಯಚೂರಿನ ಬಿಸಿಲಲ್ಲಿ ಬೆಂದವರಿಗೆ ಅಲ್ಲಿನ ಮೇ ತಿಂಗಳು ಹಬ್ಬ. ಹೈದರಾಬಾದಿನ ಬೇಸಿಗೆ ನಮ್ಮೂರಿನದೇ ಅಣ್ಣತಮ್ಮ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಲಸಕ್ಕೆ ಹೋಗಿಬರುವ ಬಸ್ ಖರ್ಚು ನನಗೆ ಸೊನ್ನೆಯಾಗಿತ್ತು. ಮಗಳ ಶಾಲೆಯಲ್ಲಿ ಕನ್ನಡವಿತ್ತು. ಒಂದೇ ಕಿರಿಕಿರಿ ಎಂದರೆ ನಾನು ಬಾಯಿ ತೆರೆದ ಕೂಡಲೇ ಅಂಗಡಿಯವರು "ಬಿಜಾಪುರದ ಕಡೆಯವರಾ?" ಎಂದು ಕೇಳುವುದು. ಚಿತ್ರದುರ್ಗ ದಾಟಿದರೆ ಎಲ್ಲವೂ ಅವರಿಗೆ ಬಿಜಾಪುರ. ಹೈದರಾಬಾದಿನಲ್ಲಿ ಉರ್ದು ಬೆರೆತ ನನ್ನ ರಾಯಚೂರು ಬಜಾರಿನ ತೆಲುಗನ್ನು ಕೇಳಿ ಯಾರೂ ತಿರುಗಿ ನೋಡುವುದಿಲ್ಲ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಚಂದಾಪುರದ ಮನೆಗೆ ಬಾಡಿಗೆ 14,000, ಮುಂಗಡ ಒಂದು ಲಕ್ಷ. ಬಿಡುವಾಗ ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಮಿಯಾಪುರದಲ್ಲಿ ಬಾಡಿಗೆ 15,000, ಮುಂಗಡ ಎರಡು ತಿಂಗಳಿನದು.

ನೀರಿನ ಮಾತು ಮಾತ್ರ ಚುಟುಕಾಗುವುದಿಲ್ಲ. ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಹತ್ತಿ ಬರುವ ಕಾವೇರಿ ನೀರು ನಮ್ಮ ಬೀದಿಗೆ ಬರುತ್ತಿರಲಿಲ್ಲ. ಇದ್ದದ್ದು ಕೊಳವೆಬಾವಿ. 2024ರ ಬೇಸಿಗೆಯಲ್ಲಿ ಅದೂ ಬತ್ತಿ, ಟ್ಯಾಂಕರಿನವರ ಫೋನು ನಂಬರ್ ದೇವರ ಫೋಟೊ ಪಕ್ಕಕ್ಕೆ ಬಂತು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತುಪಡಿಸಿತು. ಆ ದರಕ್ಕೆ ನಮಗೆ ಒಂದು ಟ್ಯಾಂಕರೂ ಸಿಗಲಿಲ್ಲ. ನಾನು ರಸಾಯನಶಾಸ್ತ್ರ ಓದಿದವಳು, ಸುಮ್ಮನಿರಲಾರದೆ ನೀರಿನಲ್ಲಿ ಕರಗಿದ ಲವಣ ಅಳೆದೆ: ಲೀಟರಿಗೆ 900 ಮಿಲಿಗ್ರಾಂ ಹತ್ತಿರ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 500, ಬೇರೆ ಮೂಲವಿಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ. ಅಂದರೆ ಸಾಯುವ ನೀರಲ್ಲ, ಬೇಳೆ ಬೇಯದ ನೀರು. ಮಿಯಾಪುರದಲ್ಲಿ ನಲ್ಲಿ ನೀರಿದೆ. ಮನೆಯೊಂದಕ್ಕೆ ತಿಂಗಳಿಗೆ 20,000 ಲೀಟರ್‌ವರೆಗೆ ಉಚಿತವೂ ಹೌದು. ಆದರೆ ಪಟಾನ್‌ಚೆರು ಕಡೆಯ ಕೊಳವೆಬಾವಿ ನೀರನ್ನು ನಾನು ಬಾಯಿಗಿಡುವುದಿಲ್ಲ. ಕಾರ್ಖಾನೆಗಳು ಅಲ್ಲಿನ ಅಂತರ್ಜಲಕ್ಕೆ ಮಾಡಿದ್ದನ್ನು ನಮ್ಮ ಉದ್ಯೋಗದಲ್ಲಿರುವವರು ಮರೆಯಲಾಗದು.

ಜೂನ್‌ನಲ್ಲಿ ಹೈದರಾಬಾದಿಗೆ ಗಂಟುಮೂಟೆ ಕಟ್ಟಿದೆವು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಮೆಟ್ರೊ ಬಂತು. ಮೂರು ವರ್ಷ ಆ ಕಂಬಗಳ ಕೆಳಗೆ ಹೊಗೆ ಕುಡಿದದ್ದು ನಾವು, ಹತ್ತಿದ್ದು ಬೇರೆಯವರು.

ತೆತ್ತ ಬೆಲೆಯನ್ನೂ ಹೇಳಬೇಕು. ತೆಲಂಗಾಣದಲ್ಲಿ 2018ರ ಕಾನೂನಿನಂತೆ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಮೂರನೆಯ ತರಗತಿಯ ಮಗಳು ತೆಲುಗನ್ನು ಬೇಗ ಹಿಡಿದಳು. ಲಿಪಿ ಅಕ್ಕತಂಗಿಯರಂತಿರುವುದರಿಂದ ಈಗ ಕನ್ನಡ ಬರೆಯುವಾಗ ತಲೆಕಟ್ಟನ್ನೆಲ್ಲ ತೆಲುಗಿನಂತೆ ಹಾಕುತ್ತಾಳೆ. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆ ಇದೆ, ಆದರೆ ಮಿಯಾಪುರದಿಂದ ದಿನಾ ಅಲ್ಲಿಗೆ ಮಗುವನ್ನು ಕಳಿಸುವ ಮಾತಲ್ಲ. ವಾರಕ್ಕೊಂದು ಕಾಗದ ಅಜ್ಜಿಗೆ ಕನ್ನಡದಲ್ಲೇ ಬರೆಯಬೇಕೆಂದು ಕಟ್ಟಳೆ ಮಾಡಿದ್ದೇನೆ. ಅಜ್ಜಿ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಇಟ್ಟುಕೊಂಡಿರುತ್ತಾಳೆ, ನಾವು ಹೋದಾಗ ತಿದ್ದಿಸುತ್ತಾಳೆ. ಸ್ಕೂಟರಿಗೆ ಇನ್ನೂ ಕೆಎ 36 ಫಲಕವೇ ಇದೆ. ಅದನ್ನು ತೆಲಂಗಾಣಕ್ಕೆ ಬದಲಿಸಲು ನಿರಾಕ್ಷೇಪಣಾ ಪತ್ರ, ಇಲ್ಲಿ ಮತ್ತೆ ತೆರಿಗೆ, ಅಲ್ಲಿ ಕಟ್ಟಿದ್ದರ ಮರುಪಾವತಿಗೆ ಅರ್ಜಿ. ವರ್ಷದೊಳಗೆ ಮುಗಿಸಬೇಕಿತ್ತು, ನಾನು ಮುಗಿಸಿಲ್ಲ. ಇದರಲ್ಲಿ ನನ್ನನ್ನು ಅನುಕರಿಸಬೇಡಿ.

ಅವ್ವ ಬೆಂಗಳೂರಿಗೆ ಬಂದದ್ದು ಮೂರು ವರ್ಷದಲ್ಲಿ ಒಂದು ಸಲ. ಇಲ್ಲಿಗೆ ಒಂದೂವರೆ ವರ್ಷದಲ್ಲಿ ಐದು ಸಲ ಬಂದಿದ್ದಾಳೆ, ಪ್ರತಿ ಸಲವೂ ಜೋಳದ ರೊಟ್ಟಿಯ ಗಂಟು ಹೊತ್ತು, ಪ್ರತಿ ಸಲವೂ ಅದೇ ತಕರಾರು ಎತ್ತಿ. ಶಕ್ತಿಯ ಉಚಿತ ಪ್ರಯಾಣ ಹೊರರಾಜ್ಯದ ಬಸ್ಸುಗಳಿಗಿಲ್ಲ. "ಅಷ್ಟು ದೂರದ ಬೆಂಗಳೂರಿಗೆ ಪುಕ್ಕಟೆ, ಇಷ್ಟು ಹತ್ತಿರದ ಊರಿಗೆ ದುಡ್ಡು. ಇದು ಯಾವ ನ್ಯಾಯ?" ಎನ್ನುತ್ತಾ ಟಿಕೆಟನ್ನು ನನ್ನ ಕೈಗಿಡುತ್ತಾಳೆ. ಟಿಕೆಟಿನ ಹಣ ಕೊಟ್ಟರೆ ಮಾತ್ರ ಇಸಿದುಕೊಳ್ಳುವುದಿಲ್ಲ.