ಫೋಟಾನ್ ಜೋಡಿ ಇಮೇಜಿಂಗ್‌ನಲ್ಲಿ ಬೂದಿ ಬಣ್ಣದ ಮಬ್ಬು: ನಂಗೆ ಕೊನೆಗೆ ಸರಿಹೋಗಿದ್ದು ಹೀಗೆ

ತುಮಕೂರಲ್ಲಿ ನಮ್ಮ ಕಾಲೇಜ್ ಲ್ಯಾಬಲ್ಲಿ 405 ನ್ಯಾನೋಮೀಟರ್ ಲೇಸರ್, ಅದರ ಕೆಲವು ಫೋಟಾನ್‌ಗಳನ್ನ (ಬೆಳಕಿನ ಕಣ) ಎರಡಾಗಿ ಒಡೆಯೋ ಬಿಬಿಓ ಹರಳು, ಅದ್ರಿಂದ ಒಟ್ಟಿಗೇ ಹುಟ್ಟೋ 810 ನ್ಯಾನೋಮೀಟರ್ ಫೋಟಾನ್ ಜೋಡಿ. ರಟ್ಟಲ್ಲಿ 'ತ' ಅಕ್ಷರ ಕತ್ತರಿಸಿ ಒಂದು ದಾರೀಲಿ ಇಟ್ಟು ಇನ್ನೊಂದು ದಾರಿ ಸ್ಕ್ಯಾನ್ ಮಾಡ್ತಿದ್ದೆ. ಎರಡೂ ದಾರಿಯ ಡಿಟೆಕ್ಟರ್‌ಗೆ ಒಟ್ಟಿಗೇ ಬಂದ ಜೋಡಿಗಳನ್ನ ಪಿಕ್ಸೆಲ್ ಪಿಕ್ಸೆಲ್‌ಗೂ ಎಣಿಸಿದ್ರೆ ಅದೇ ಚಿತ್ರ. ಚಿತ್ರ ಪೂರ್ತಿ ಬೂದಿ, ಅಕ್ಷರ ಇದೆಯೋ ಇಲ್ವೋ ಅನ್ನೋ ಹಾಗೆ.

ಮಂಡಿಪೇಟೆಯಿಂದ ಕಪ್ಪು ಬಟ್ಟೆ ತಂದು ಬಿ.ಎಚ್. ರೋಡ್ ಕಡೆ ಕಿಟಕಿ ಮುಚ್ಚಿದ್ರೆ ಸ್ವಲ್ಪ ವಾಸಿ, ಅಷ್ಟೇ. ಪಿಕ್ಸೆಲ್‌ಗೆ 10 ಸೆಕೆಂಡ್ ಬದಲು 60 ಕೊಟ್ರೂ ಮಬ್ಬು ಹಾಗೇ. ಲೇಸರ್ ಪವರ್ ಏರಿಸಿದ್ದಂತೂ ದಡ್ಡತನ, ನಿಜವಾದ ಜೋಡಿ ಎರಡರಷ್ಟಾದ್ರೆ ಆಕಸ್ಮಿಕ ಜೋಡಿ (ಸಂಬಂಧವೇ ಇಲ್ಲದ ಎರಡು ಫೋಟಾನ್ ಒಟ್ಟಿಗೆ ಬಂದು ಜೋಡಿ ಅಂತ ಎಣಿಕೆಯಾಗೋದು) ನಾಲ್ಕರಷ್ಟಾಗುತ್ತೆ. ಕೋಇನ್ಸಿಡೆನ್ಸ್ ವಿಂಡೋ (ಎಷ್ಟು ಹೊತ್ತಿನೊಳಗೆ ಎರಡೂ ಬಂದ್ರೆ ಜೋಡಿ ಅಂತ ಎಣಿಸೋದು ಅನ್ನೋದು) 20 ನ್ಯಾನೋಸೆಕೆಂಡಿಂದ 2ಕ್ಕೆ ಇಳಿಸಿದ್ರೆ ಚಿತ್ರಾನೇ ಮಾಯ, ಅದಕ್ಕೇ ವಾಪಸ್ 20ಕ್ಕೇ ಬಿಟ್ಟಿದ್ದೆ.

ತಪ್ಪಾಗಿದ್ದು ಅಲ್ಲೇ. ಒಂದು ಡಿಟೆಕ್ಟರ್‌ನ ಬಿಎನ್‌ಸಿ ಕೇಬಲ್ ಇನ್ನೊಂದರದ್ದಕ್ಕಿಂತ ಒಂದೂವರೆ ಮೀಟರ್ ಹೆಚ್ಚು ಉದ್ದ ಇತ್ತು, ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ಲೆಕ್ಕದಲ್ಲಿ 7.5 ತಡ, ಅಂದ್ರೆ ಜೋಡಿ ಸಣ್ಣ ವಿಂಡೋ ಹೊರಗೇ ಬೀಳ್ತಿತ್ತು.

ಮೊದ್ಲು ರಟ್ಟು ತೆಗೆದು, ಇನ್ನೊಂದು ಡಿಟೆಕ್ಟರ್‌ನ ಸಿಗ್ನಲ್‌ಗೆ ಬೇಕಂತಲೇ ಕೊಡೋ ಡಿಲೇನ (ತಡ) 0.5 ನ್ಯಾನೋಸೆಕೆಂಡ್ ಹೆಜ್ಜೇಲಿ ಸೊನ್ನೆಯಿಂದ 15ರವರೆಗೆ ಓಡಿಸಿ, ಎಲ್ಲಿ ಎಣಿಕೆ ಚೂಪಾಗಿ ಏಳುತ್ತೋ ಅಲ್ಲಿ ಲಾಕ್ ಮಾಡಿ. ಆಮೇಲೆ ವಿಂಡೋ 2. ನನ್ನ ಎರಡು ಡಿಟೆಕ್ಟರ್‌ಗಳ ಎಣಿಕೆ ಸೆಕೆಂಡಿಗೆ 1,00,000 ಮತ್ತು 20,000, ಎರಡನ್ನೂ ವಿಂಡೋ ಜೊತೆ ಗುಣಿಸಿದ್ರೆ ಆಕಸ್ಮಿಕ 40 ಇದ್ದದ್ದು 4ಕ್ಕೆ ಇಳೀತು. ಕೊನೇಲಿ ಡಿಲೇ 50 ನ್ಯಾನೋಸೆಕೆಂಡ್ ಸರಿಸಿ ಅಷ್ಟೇ ಹೊತ್ತು ಇನ್ನೊಂದ್ ಸಲ ಸ್ಕ್ಯಾನ್ (ಆಗ ಸಿಗೋದು ಆಕಸ್ಮಿಕ ಮಾತ್ರ), ಅದನ್ನ ಪಿಕ್ಸೆಲ್‌ಗೆ ಪಿಕ್ಸೆಲ್ ಕಳೀರಿ. ಕಳೆಯೋದನ್ನ ಮೊದ್ಲೇ ಮಾಡ್ಬೇಡಿ, ಆಕಸ್ಮಿಕದ ಸರಾಸರಿ ಮಾತ್ರ ಹೋಗುತ್ತೆ, ಅದರ ಏರಿಳಿತದ ಕಾಳು ಕಾಳು ಹಾಗೇ ಉಳಿಯುತ್ತೆ.

ಈಗ ಟ್ಯೂಬ್‌ಲೈಟ್ ಹಾಕಿದ್ರೂ 'ತ'ದ ತಲೆಕಟ್ಟು ಸಮೇತ ಕಾಣುತ್ತೆ.