ಉಚಿತ ತಂತ್ರಾಂಶಕ್ಕೆ ಅರ್ಜಿ ಹಾಕುವ ಮುನ್ನ ಊರಿನ ಹೆಸರು ನೋಡಿಕೊಳ್ಳಿ

ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್‌ನಂಥ ಯೋಜನೆಗಳಲ್ಲಿ ತಮ್ಮ ಟ್ರಸ್ಟಿಗೋ ಸಂಘಕ್ಕೋ ಉಚಿತ ಇಮೇಲ್ ಮತ್ತು ಕಡತ ಸಂಗ್ರಹದ ಸೌಲಭ್ಯ ಕೋರುವವರು, ಸಂಸ್ಥೆಯ ಹೆಸರನ್ನು ನೋಂದಣಿ ಪ್ರಮಾಣಪತ್ರದಲ್ಲಿರುವಂತೆಯೇ, ಒಂದಕ್ಷರವೂ ವ್ಯತ್ಯಾಸವಾಗದಂತೆ ಅರ್ಜಿಯಲ್ಲಿ ನಮೂದಿಸಬೇಕು. ನಮ್ಮ ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾದ್ದರಿಂದ, ಹೆಸರಿನಲ್ಲೇ ಊರೂ ಸೇರಿರುವ ಹಳೆಯ ಸಂಸ್ಥೆಗಳ ಪ್ರಮಾಣಪತ್ರದಲ್ಲಿ ‘ಶಿಮೊಗ’ ಎಂದೂ ಆಮೇಲೆ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ‘ಶಿವಮೊಗ್ಗ’ ಎಂದೂ ಇರುವ ಸಾಧ್ಯತೆಯುಂಟು. ನಮಗೆ ಎರಡೂ ಒಂದೇ ಊರಾದರೂ, ದೂರದಲ್ಲಿ ಕುಳಿತು ಕಾಗದಗಳನ್ನಷ್ಟೇ ತಾಳೆ ನೋಡುವವರಿಗೆ ಅವು ಎರಡು ಬೇರೆ ಸಂಸ್ಥೆಗಳಾಗಿ ಕಾಣಬಹುದು. ದಾಖಲೆಗಳೇ ಪರಸ್ಪರ ಹೊಂದದಿದ್ದರೆ, ಮೊದಲು ಪ್ಯಾನ್ ತಿದ್ದುಪಡಿ ಮಾಡಿಸುವುದೇ ಒಳ್ಳೆಯದು. ನೋಂದಣಿಯಿಲ್ಲದ ಯುವಕ ಸಂಘ, ಮಹಿಳಾ ಮಂಡಳಿಗಳಿಗೆ ಈ ಉಪಾಯ ಫಲಿಸದು. ಶಾಲೆ, ಆಸ್ಪತ್ರೆ ಮತ್ತು ಸರ್ಕಾರಿ ಸಂಸ್ಥೆಗಳನ್ನೂ ಗೂಗಲ್ ಈ ಯೋಜನೆಗೆ ಪರಿಗಣಿಸುವುದಿಲ್ಲ. ಅಂಥವರು ಯಾವ ಅರ್ಜಿಯೂ ಬೇಡದ ಲಿಬ್ರೆಆಫೀಸ್ ಎಂಬ, ಪತ್ರ ಬರೆಯಲು, ಲೆಕ್ಕವಿಡಲು ಬಳಸುವ ಉಚಿತ ತಂತ್ರಾಂಶವನ್ನು ಪೇಟೆಗೆ ಬಂದಾಗ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋಗಬಹುದು. ಅದರಲ್ಲಿ ಕನ್ನಡದ ಮೆನುಗಳೂ ಇವೆ, ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇಲ್ಲದಿದ್ದರೂ (ಆಗುಂಬೆ, ಹೊಸನಗರದ ಕಡೆಯವರಿಗೆ ಹೇಳಬೇಕಾಗಿಲ್ಲ) ಲೆಕ್ಕಪತ್ರದ ಕೆಲಸ ನಿಲ್ಲುವುದಿಲ್ಲ.