1560ರಿಂದ 780ಕ್ಕೆ: ಟೆಲಿಕಾಂ ಲೇಸರಿನಿಂದ ರುಬಿಡಿಯಂ ಬೆಳಕು ತೆಗೆದ ನನ್ನ ಅನುಭವ

ಟೇಬಲ್ ಮೇಲೆ ಈಗ 62 ಮಿಲಿವ್ಯಾಟ್ 780 ನ್ಯಾನೋಮೀಟರ್ ಬೆಳಕಿದೆ. ರುಬಿಡಿಯಂ ಸೆಲ್‌ಗೆ (ಆವಿ ತುಂಬಿದ ಗಾಜಿನ ಕೊಳವೆ) ಲಾಕ್ ಮಾಡಿದರೆ, ಅಂದರೆ ರುಬಿಡಿಯಂ ಹೀರುವ ತರಂಗಾಂತರಕ್ಕೇ ಲೇಸರನ್ನು ಕಟ್ಟಿಹಾಕಿದರೆ, ಐದಾರು ಗಂಟೆ ಅಲುಗಾಡದೆ ನಿಲ್ಲುತ್ತದೆ. ಇದಕ್ಕೆ ಹಾಕಿದ ಬಂಡವಾಳ ಇಷ್ಟೇ: 1560ರ ಒಂದು ಡಿಎಫ್‌ಬಿ ಲೇಸರು (ಒಂದೇ ತರಂಗಾಂತರದಲ್ಲಿ ನಿಲ್ಲುವ ಟೆಲಿಕಾಂ ಡಯೋಡ್), ಕೇಬಲ್ ಟಿವಿಯವರು ಗುಜರಿಗೆ ಹಾಕಿದ ಒಂದು ಫೈಬರ್ ಆಂಪ್ಲಿಫೈಯರು, 20 ಮಿಲಿಮೀಟರ್ ಉದ್ದದ ಒಂದು ಪಿಪಿಎಲ್‌ಎನ್ ವೇವ್‌ಗೈಡ್ ಚಿಪ್. ಈ ಚಿಪ್ ಒಂದು ಲಿಥಿಯಂ ನಯೋಬೇಟ್ ಹರಳು; ಒಳಗಿನ ಸಣ್ಣ ಕಾಲುವೆಯಲ್ಲಿ (ಅದೇ ವೇವ್‌ಗೈಡ್) ಹರಿಯುವ 1560ರ ಬೆಳಕಿನ ಆವರ್ತನವನ್ನು ದುಪ್ಪಟ್ಟು ಮಾಡಿ 780 ಕೊಡುತ್ತದೆ. ಫೈಬರ್ ಹಾಕಿರದ ಬರೀ ಚಿಪ್ ತರಿಸಿ ಬೆಂಗಳೂರಲ್ಲಿ ಕೂತು ನಾವೇ ಜೋಡಿಸುತ್ತೇವೆ ಅಂದಾಗ ‘ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ’ ಅಂದವರಿದ್ದರು. ಮೊದಲ ಚಿಪ್‌ನ ಮಟ್ಟಿಗೆ ಅವರ ಮಾತೇ ನಿಜವಾಯಿತು. ಎರಡನೆಯದು ಕೈ ಹಿಡಿಯಿತು.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. 780ಕ್ಕೆ ರೆಡಿಮೇಡ್ ಎಕ್ಸ್‌ಟರ್ನಲ್ ಕ್ಯಾವಿಟಿ ಲೇಸರು, ಜೊತೆಗೆ ಟೇಪರ್ಡ್ ಆಂಪ್ಲಿಫೈಯರು ಎಂದರೆ ನಮಗೆ ಬಂದ ಕೊಟೇಶನ್ 30 ಲಕ್ಷದ ಆಸುಪಾಸು. ಎರಡೂ ಕಡೆ ಫೈಬರ್ ಹಾಕಿದ ಪಿಪಿಎಲ್‌ಎನ್ ಮಾಡ್ಯೂಲ್ ಒಂದಕ್ಕೇ ಆರೂವರೆ ಲಕ್ಷ ಹೇಳಿದರು. ನಮ್ಮ ಒಟ್ಟು ಖರ್ಚು ನೆನಪಿನ ಮೇಲೆ ನಾಲ್ಕು ಲಕ್ಷ ಚಿಲ್ಲರೆ. ಹಾಳಾದ ಚಿಪ್ 90 ಸಾವಿರ, ಈಗಿರುವ ಚಿಪ್ 1.4 ಲಕ್ಷ, ಡಿಎಫ್‌ಬಿ ಮೂರು ಸೇರಿ 42 ಸಾವಿರ, ಹಳೇ ಆಂಪ್ಲಿಫೈಯರು 38 ಸಾವಿರ, ಕಸ್ಟಮ್ಸ್ ಮತ್ತು ಕೊರಿಯರ್ 45 ಸಾವಿರ, ಉಳಿದದ್ದು ಫಿಲ್ಟರ್, ಫೈಬರ್, ಎಲೆಕ್ಟ್ರಾನಿಕ್ಸ್. ಮೂರು ಅಕ್ಷದ ಸ್ಟೇಜ್‌ಗಳು, ರುಬಿಡಿಯಂ ಸೆಲ್, ಸ್ಪ್ಲೈಸಿಂಗ್ ಮೆಷಿನ್ (ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವುದು) ಮೊದಲೇ ಇದ್ದವು. ಅವನ್ನೂ ಹೊಸದಾಗಿ ಕೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಲೇಸರಿನ ಕಡೆ ಕಷ್ಟ ಕಡಿಮೆ. ರುಬಿಡಿಯಂ 87ರ ಡಿ2 ಗೆರೆ (ಅದು ಬೆಳಕು ಹೀರುವ ತರಂಗಾಂತರ) 780.24 ನ್ಯಾನೋಮೀಟರ್, ಅದರ ದುಪ್ಪಟ್ಟು 1560.48. ಟೆಲಿಕಾಂ ಗ್ರಿಡ್‌ನ 21ನೇ ಚಾನೆಲ್ 192.10 ಟೆರಾಹರ್ಟ್ಜ್, ಅಂದರೆ 1560.61. ಬೇಕಾದ ಜಾಗ ಅಲ್ಲಿಂದ ಬರೀ 15 ಗಿಗಾಹರ್ಟ್ಜ್ ಮೇಲೆ. ಡಿಎಫ್‌ಬಿ ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್ ಸರಿಯುವುದರಿಂದ ಡಬ್ಬಿಯ ಮೇಲೆ ಬರೆದ ತಾಪಮಾನಕ್ಕಿಂತ ಒಂದೂಕಾಲು ಡಿಗ್ರಿ ತಣ್ಣಗೆ ಇಟ್ಟರೆ ಸಾಕು. ನಮ್ಮದರಲ್ಲಿ 25.6 ಎಂದಿತ್ತು, ಈಗ 24.4ರಲ್ಲಿ ಕೂತಿದೆ. ಕರೆಂಟ್ ಕೊಡುವುದು ಲಿಬ್ರೆಕ್ಟ್–ಹಾಲ್ ಮಾದರಿಯ ಡ್ರೈವರು, ಬೋರ್ಡ್ ನಮ್ಮದೇ, ಬಿಡಿಭಾಗಗಳಲ್ಲಿ ಮುಕ್ಕಾಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್‌ಪಿ ರೋಡಿನವು. ಸೆನ್ಸ್ ರೆಸಿಸ್ಟರ್ ಮಾತ್ರ ಅಲ್ಲಿ ಕೊಳ್ಳಬೇಡಿ. ಡ್ರಿಫ್ಟ್ ಕಡಿಮೆ ಇರುವ ಫಾಯಿಲ್ ರೆಸಿಸ್ಟರನ್ನೇ ತರಿಸಿ.

ಒಂದು ವಾರ ತಿಂದದ್ದು ಫಿಲ್ಟರು. ಆಂಪ್ಲಿಫೈಯರಿನಿಂದ ಬೆಳಕು ಹೊರಬರುವ ಕಡೆ 21ನೇ ಚಾನೆಲ್‌ಗೆ ಎಂದೇ ಮಾರುವ 100 ಗಿಗಾಹರ್ಟ್ಜ್ ಡಿಡಬ್ಲ್ಯೂಡಿಎಂ ಫಿಲ್ಟರ್ (ಒಂದೇ ಚಾನೆಲ್ ಬಿಡುವಂಥದ್ದು) ಹಾಕಿದ್ದೆವು. ಔಟ್‌ಪುಟ್ ಒಮ್ಮೆ ಸರಿ, ಒಮ್ಮೆ ಎರಡೂವರೆ ಡಿಬಿ ಕಮ್ಮಿ. ಆಂಪ್ಲಿಫೈಯರನ್ನೇ ಬೈದುಕೊಂಡು ಅದರ ಪಂಪ್ ಡಯೋಡ್‌ಗಳನ್ನು ಬಿಚ್ಚಿಯೂ ನೋಡಿದ್ದಾಯಿತು. ಕೊನೆಗೆ ಡೇಟಾಶೀಟ್ ಓದಿದರೆ ಅದರ ಪಾಸ್‌ಬ್ಯಾಂಡ್ ನಡುವಿನಿಂದ ಆಚೀಚೆ 0.11 ನ್ಯಾನೋಮೀಟರ್. ನಾವು ನಿಂತಿದ್ದು 0.13ರಲ್ಲಿ, ಹೊಸ್ತಿಲ ಮೇಲೆ. ಲೇಸರನ್ನು ಕೊಂಚ ಸರಿಸಿದರೂ ಒಳಗೆ, ಹೊರಗೆ. 200 ಗಿಗಾಹರ್ಟ್ಜ್‌ನದು ಹಾಕಿದ ಮೇಲೆ ಆ ಕಾಟ ನಿಂತಿತು. ಫಿಲ್ಟರೇ ಬೇಡ ಎನ್ನುವವರೂ ಇದ್ದಾರೆ, ಎಎಸ್‌ಇ (ಆಂಪ್ಲಿಫೈಯರ್ ತಾನಾಗಿ ಸೇರಿಸುವ ಕಸ ಬೆಳಕು) ಚಿಪ್‌ನಲ್ಲಿ ಹೇಗೂ ದುಪ್ಪಟ್ಟಾಗುವುದಿಲ್ಲ ಎಂಬ ವಾದ. ದುಪ್ಪಟ್ಟಾಗುವುದಿಲ್ಲ ನಿಜ, ಆದರೆ ಪವರ್ ಮೀಟರಿನಲ್ಲಿ ಅದೂ ಸೇರಿ ಕಾಣುತ್ತದೆ. 500 ಇದೆ ಅಂದುಕೊಂಡಿರುತ್ತೀರಿ, ಅದರಲ್ಲಿ 50–60 ಕಸ. ಆಮೇಲೆ ಚಿಪ್‌ನ ದಕ್ಷತೆ ಕಮ್ಮಿ ಎಂದು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ.

ಆಂಪ್ಲಿಫೈಯರಿನ ವಿಷಯದಲ್ಲಿ ಗೊತ್ತಿದ್ದೂ ಮಾಡಿದ ತಪ್ಪು ಕನೆಕ್ಟರ್. 500 ಮಿಲಿವ್ಯಾಟ್ ಹರಿಯುವ ಕಡೆ ಎಫ್‌ಸಿ ಎಪಿಸಿ ಜೋಡಣೆ ಇಟ್ಟಿದ್ದೆವು, ಒರೆಸಿಯೇ ಹಾಕಿದ್ದೆವು. ಬೆಳಕು ಹರಿಯುತ್ತಿರುವಾಗಲೇ ಒಬ್ಬರು ಅದನ್ನು ಬಿಚ್ಚಿ ಮತ್ತೆ ಸಿಕ್ಕಿಸಿದರು. ಸ್ಕೋಪಿನಲ್ಲಿ ನೋಡಿದರೆ ಕೋರ್ ಇದ್ದ ಜಾಗದಲ್ಲಿ ಕಪ್ಪು ಗುಳಿ. ಈಗ ಆಂಪ್ಲಿಫೈಯರಿನಿಂದ ಚಿಪ್‌ವರೆಗೆ ಒಂದೂ ಕನೆಕ್ಟರ್ ಇಲ್ಲ, ಎಲ್ಲವೂ ಸ್ಪ್ಲೈಸ್. ಸೀಡ್ (ಡಿಎಫ್‌ಬಿಯಿಂದ ಆಂಪ್ಲಿಫೈಯರಿಗೆ ಹೋಗುವ ಬೆಳಕು) ಇಲ್ಲದೆ ಪಂಪ್ ಆನ್ ಮಾಡಬಾರದು ಅನ್ನುವುದು ನಿಮಗೆ ಗೊತ್ತೇ ಇದೆ. ಆದರೆ ಕರೆಂಟ್ ಹೋಗಿ ಬಂದಾಗ ಮೆಷಿನ್‌ಗೆ ಅದು ಗೊತ್ತಿರುವುದಿಲ್ಲ. ಸೀಡ್‌ನ ಶೇಕಡಾ 1 ಬೆಳಕನ್ನು ಟ್ಯಾಪ್ ಮಾಡಿ ಒಂದು ಫೋಟೊಡಯೋಡ್, ಒಂದು ಕಂಪ್ಯಾರೇಟರ್, ಒಂದು ರಿಲೇ ಹಾಕಿ. ಹೆಚ್ಚು ಖರ್ಚಿಲ್ಲದ ಕೆಲಸ.

ಇನ್ನು ಚಿಪ್. ಮೊದಲು ತರಿಸಿದ್ದು ಮೆಗ್ನೀಸಿಯಂ ಇಲ್ಲದ ಸಾದಾ ಲಿಥಿಯಂ ನಯೋಬೇಟ್, ಪ್ರೋಟಾನ್ ಎಕ್ಸ್‌ಚೇಂಜ್ ವೇವ್‌ಗೈಡ್, ತುದಿಗಳು ನೇರ, ಕೋಟಿಂಗ್ ಇಲ್ಲ. ಅಗ್ಗ ಎಂದು ತಂದದ್ದು. ಕಡಿಮೆ ಪವರಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. 780ರ ಬೆಳಕು 15 ಮಿಲಿವ್ಯಾಟ್ ದಾಟಿತೋ ಇಲ್ಲವೋ, ಹತ್ತು ನಿಮಿಷದಲ್ಲಿ ಫೇಸ್ ಮ್ಯಾಚಿಂಗ್ ಶಿಖರ (780 ಅತಿ ಹೆಚ್ಚು ಹುಟ್ಟುವ ಜಾಗ) ಒಂದು ಪಕ್ಕಕ್ಕೆ ಜಾರಿ, ಬೀಮ್ ಎರಡು ತುಂಡಾಗಿ ಕಾಣತೊಡಗಿತು. ಫೋಟೊರಿಫ್ರ್ಯಾಕ್ಟಿವ್ ಡ್ಯಾಮೇಜ್, ಅಂದರೆ ಬೆಳಕೇ ಹರಳಿನ ವಕ್ರೀಭವನಾಂಕ ಕೆಡಿಸುವುದು. ಔಷಧ ಎಲ್ಲರಿಗೂ ಗೊತ್ತು, ಬಿಸಿ ಮಾಡುವುದು. 95 ಡಿಗ್ರಿಗೆ ಒಯ್ದೆವು. ಡ್ಯಾಮೇಜ್ ತಗ್ಗಿತು, ಕಪ್ಲಿಂಗ್ (ಫೈಬರಿನ ಬೆಳಕು ಗೈಡ್ ಒಳಗೆ ಸೇರುವುದು) ಪೂರ್ತಿ ಹೋಯಿತು.

ಏಕೆಂದರೆ ಚಿಪ್ ಕೂತಿದ್ದು 15 ಮಿಲಿಮೀಟರ್ ಎತ್ತರದ ಹಿತ್ತಾಳೆಯ ಕಟ್ಟೆಯ ಮೇಲೆ. ಹಿತ್ತಾಳೆ ಡಿಗ್ರಿಗೆ ಮೀಟರಿಗೆ 19 ಮೈಕ್ರಾನ್ ಹಿಗ್ಗುತ್ತದೆ. 70 ಡಿಗ್ರಿ ಏರಿದರೆ ಚಿಪ್ 20 ಮೈಕ್ರಾನ್ ಮೇಲೇಳುತ್ತದೆ. ಫೈಬರ್ ಎರಡು ಮೈಕ್ರಾನ್ ತಪ್ಪಿದರೇ ಒಂದು ಡಿಬಿ ಹೋಗುವ ಜಾಗ ಅದು. ಬಿಸಿಯಲ್ಲೇ ಅಲೈನ್ ಮಾಡಿದರೆ ಸರಿಹೋಗುತ್ತದೆ, ಆದರೆ ಪ್ರತಿ ದಿನ ಬೆಳಿಗ್ಗೆ ಆ ಪೂಜೆ ಮಾಡುವವರು ಯಾರು? ಅದರ ಮೇಲೆ ಪೈರೋಎಲೆಕ್ಟ್ರಿಕ್ ಕಾಟ: ತಾಪಮಾನ ಬದಲಾದರೆ ಹರಳಿನ ಮೇಲೆ ವಿದ್ಯುತ್ ಶೇಖರವಾಗುತ್ತದೆ. ಒಮ್ಮೆ ಅವಸರದಲ್ಲಿ ನಿಮಿಷಕ್ಕೆ 15 ಡಿಗ್ರಿಯಂತೆ ಬಿಸಿ ಏರಿಸಿದಾಗ ಚಿಪ್ ಅಂಚಿನಲ್ಲಿ ಚಟ್ ಎಂದು ಕಿಡಿ ಹಾರಿತು, ತುದಿಯಲ್ಲಿ ಚಕ್ಕೆ ಎದ್ದಿತು. ಆ ವೇವ್‌ಗೈಡ್ ಅಲ್ಲಿಗೆ ಮುಗಿಯಿತು. ಈಗ ನಿಮಿಷಕ್ಕೆ 3 ಡಿಗ್ರಿ ಮೀರುವುದಿಲ್ಲ. ಚಿಪ್‌ನ ಮೇಲ್ಮುಖ ಕೆಳಮುಖ ಎರಡನ್ನೂ ತಾಮ್ರದ ಟೇಪಿನಿಂದ ಒಂದಕ್ಕೊಂದು ಸೇರಿಸಿ ಅರ್ತ್ ಮಾಡಿದ್ದೇವೆ.

ಸತ್ತ ಚಿಪ್‌ನಿಂದಲೂ ಒಂದು ಉಪಯೋಗವಾಯಿತು. ಕೋಟಿಂಗ್ ಇಲ್ಲದ ನೇರ ತುದಿಗಳೆಂದರೆ ಚಿಪ್ ತಾನೇ ಒಂದು ಫ್ಯಾಬ್ರಿ–ಪೆರೊ, ಎರಡು ಕನ್ನಡಿಗಳ ನಡುವೆ ಬೆಳಕು ಹೋಗಿ ಬರುವ ಹಾಗೆ. ಲೇಸರ್ ಕರೆಂಟನ್ನು ಸ್ವೀಪ್ ಮಾಡಿದರೆ 3.4 ಗಿಗಾಹರ್ಟ್ಜ್‌ಗೊಂದರಂತೆ ಅಲೆಗಳು ಬರುತ್ತವೆ, ನಮ್ಮ ಲೇಸರಿನಲ್ಲಿ ಅದು ಮೂರೂವರೆ ಮಿಲಿಆಂಪಿಗೆ ಒಂದು. ಪ್ರತಿ ತುದಿಯಿಂದ ಶೇಕಡಾ 13 ಪ್ರತಿಫಲನ ಎಂದು ಹಿಡಿದರೆ ನಷ್ಟವೇ ಇಲ್ಲದ ಗೈಡ್‌ನಲ್ಲಿ ಅಲೆಯ ಕಾಂಟ್ರಾಸ್ಟ್ 0.26 ಇರಬೇಕು. ಸಿಕ್ಕಿದ್ದು 0.235. ಲೆಕ್ಕ ಹಾಕಿದರೆ ನಷ್ಟ ಸೆಂಟಿಮೀಟರಿಗೆ ಸುಮಾರು 0.2 ಡಿಬಿ. ಹಾಳಾಗದ ಪಕ್ಕದ ಗೈಡ್‌ಗಳು ಒಳ್ಳೆಯವೇ ಆಗಿದ್ದವು, ಚಿಪ್ ಮಾಡಿದವರ ತಪ್ಪು ಅದರಲ್ಲಿ ಇರಲಿಲ್ಲ.

ಎರಡನೇ ಚಿಪ್‌ಗೆ ಆರ್ಡರ್ ಕೊಡುವಾಗ ಮೂರು ಷರತ್ತು ಹಾಕಿದೆವು. 5 ಮೋಲ್ ಶೇಕಡಾ ಮೆಗ್ನೀಸಿಯಂ ಆಕ್ಸೈಡ್ ಇರಬೇಕು. 1560.48ಕ್ಕೆ ಫೇಸ್ ಮ್ಯಾಚ್ ಆಗುವುದು 40 ಮತ್ತು 50 ಡಿಗ್ರಿ ನಡುವೆ ಇರಬೇಕು. ಎರಡೂ ತುದಿಗೆ ಎಆರ್ ಕೋಟಿಂಗ್ (ಪ್ರತಿಫಲನ ತಡೆಯುವ ಲೇಪ), ಜೊತೆಗೆ 5.4 ಡಿಗ್ರಿ ಓರೆ. 5.4 ಎಲ್ಲಿಂದ ಬಂತು ಎಂದರೆ, 8 ಡಿಗ್ರಿ ಪಾಲಿಶ್ ಮಾಡಿದ ಫೈಬರಿನ ಗಾಜಿನ ವಕ್ರೀಭವನಾಂಕ 1.45, ನಯೋಬೇಟಿನದು 2.14. ಎರಡೂ ಮುಖ ಸಮಾನಾಂತರವಾಗಿ ಕೂತರೆ ಸ್ನೆಲ್ ನಿಯಮ ಕೊಡುವ ಕೋನ ಅದೇ. ಫೈಬರ್ ಮತ್ತು ಗೈಡ್ ಅಕ್ಷಗಳ ನಡುವೆ 2.6 ಡಿಗ್ರಿ ಉಳಿಯುತ್ತದೆ. ಫೈಬರ್ ಹಿಡಿಯುವ ಕಟ್ಟೆಯನ್ನು ಪೀಣ್ಯದಲ್ಲಿ ಆ ಕೋನಕ್ಕೇ ಮಿಲ್ಲಿಂಗ್ ಮಾಡಿಸಿದೆವು. ಕೋನ ಹೊಂದಿಸುವ ಗೋನಿಯೋಮೀಟರಿನ ಒಂದು ಅಕ್ಷ ಬೇಡವಾಯಿತು, ಅಲುಗಾಟವೂ ಕಡಿಮೆಯಾಯಿತು.

ಅಲೈನ್‌ಮೆಂಟ್‌ಗೆ ಕೆಂಪು ಫಾಲ್ಟ್ ಲೊಕೇಟರ್ ಬಳಸುವವರು ಹೆಚ್ಚು. ನಾನು ಎರಡು ದಿನ ಅದರಲ್ಲೇ ಕಳೆದೆ. 650ರಲ್ಲಿ ಈ ಗೈಡ್ ಹಲವು ಮೋಡ್ (ಬೆಳಕು ಸಾಗುವ ಬಗೆ) ಹಿಡಿಯುತ್ತದೆ, ಐದು ಮೈಕ್ರಾನ್ ಆಚೀಚೆ ಆದರೂ ಆ ತುದಿಯಲ್ಲಿ ಕೆಂಪು ಜಗಮಗ. ಗೈಡ್ ಯಾವ ಸಾಲಿನಲ್ಲಿದೆ ಎಂದು ಕಂಡುಕೊಳ್ಳಲು ಸರಿ, ಅಷ್ಟೇ. ಆಮೇಲೆ 1560ನ್ನೇ 10 ಮಿಲಿವ್ಯಾಟ್ ಬಿಟ್ಟು, ಆಚೆ ತುದಿಯಲ್ಲಿ ಸಿಲಿಕಾನ್ ಫೋಟೊಡಯೋಡ್ ಇಡಿ. ಸಿಲಿಕಾನಿಗೆ 1560 ಕಾಣುವುದೇ ಇಲ್ಲ, ಆದ್ದರಿಂದ ಫಿಲ್ಟರಿನ ಗೊಡವೆಯಿಲ್ಲದೆ ಬರೀ 780 ಅಳೆಯುತ್ತದೆ. ಅದೂ ಒಳಹೋದ 1560ರ ಪವರಿನ ವರ್ಗದ ಮೇಲೆ ಹೋಗುವುದರಿಂದ ಶಿಖರ ಚೂಪು. ನೂರು ಮಿಲಿವ್ಯಾಟ್ ಮೇಲೆ ಹೋದಾಗ ಚಿಪ್ ಉದ್ದಕ್ಕೂ ಮಂಕು ಹಸಿರು ಗೆರೆ ಕಂಡರೆ ಹೆದರಬೇಡಿ. 780 ಮತ್ತು 1560 ಕೂಡಿ ಹುಟ್ಟುವ 520 ಅದು. ಆ ಗೆರೆ ಎಲ್ಲಿಂದ ಶುರುವಾಗಿ ಎಲ್ಲಿ ಗಾಢವಾಗುತ್ತದೆ ನೋಡಿಕೊಂಡೇ ಓವನ್ನಿನ ಒಂದು ತುದಿ ತಣ್ಣಗಿದೆ ಎಂದು ಪತ್ತೆ ಹಚ್ಚಿದ್ದು. ಫೈಬರ್ ಕಡೆಯ ತುದಿ ಎರಡು ಡಿಗ್ರಿ ಕಡಿಮೆ ಇತ್ತು, ಶಿಖರಕ್ಕೆ ಸಹಜವಾದ ಸಿಂಕ್ ವರ್ಗದ (sinc²) ಆಕಾರದಲ್ಲಿ ಒಂದು ಪಕ್ಕ ಗೂನು ಬಂದಿತ್ತು. ಟೆಫ್ಲಾನ್ ಮುಚ್ಚಳ ಹಾಕಿದ ಮೇಲೆ ಗೂನು ಹೋಯಿತು. ಓವನ್ ಎಂದರೆ ದೊಡ್ಡದೇನಲ್ಲ: ತಾಮ್ರದ ತುಂಡು, 3ಡಿ ಪ್ರಿಂಟರಿನ 12 ವೋಲ್ಟ್ ಹೀಟರ್ ಕಾರ್ಟ್ರಿಜ್, ಒಂದು ಥರ್ಮಿಸ್ಟರ್. 20 ಮಿಲಿಮೀಟರ್ ಚಿಪ್‌ಗೆ ಐದು ಡಿಗ್ರಿ ಅಗಲದ ಶಿಖರ ಇರುವಾಗ 0.05 ಡಿಗ್ರಿ ನಿಂತರೆ ಧಾರಾಳ. ಮಿಲಿಕೆಲ್ವಿನ್ ಕಂಟ್ರೋಲರ್‌ಗೆ ಲಕ್ಷ ಸುರಿಯಬೇಡಿ.

ಸರಿಯಾದ ತಾಪಮಾನ ಹುಡುಕಲು ಚಿಪ್ಪನ್ನು ಬಿಸಿ ಮಾಡುತ್ತಾ ಕೂರಬೇಕಿಲ್ಲ. ಚಿಪ್ಪನ್ನು 30 ಡಿಗ್ರಿಯಲ್ಲಿ ನಿಲ್ಲಿಸಿ ಲೇಸರನ್ನು 10ರಿಂದ 40 ಡಿಗ್ರಿವರೆಗೆ ಓಡಿಸಿ, ಮೂರು ನ್ಯಾನೋಮೀಟರ್ ಸಿಗುತ್ತದೆ. ನಮಗೆ ಶಿಖರ ಬಂದದ್ದು ಸುಮಾರು 1559ಕ್ಕೆ, ತುಸು ಕೆಳಗೆ. ಚಿಪ್ ಡಿಗ್ರಿಗೆ 0.11ರಂತೆ ಮೇಲೆ ಸರಿಯುತ್ತದೆ. ಕೂಡಿ ಕಳೆದು 44.5 ಎಂದು ಇಟ್ಟೆವು, ಕೊನೆಗೆ ನಿಂತದ್ದು 44.8ರಲ್ಲಿ.

ಅಂಟು ಹಾಕಿದ್ದು ಒಳಬರುವ ತುದಿಗೆ ಮಾತ್ರ. ಅಲ್ಲಿ ಹರಿಯುವುದು 1560, ಅಂಟು ತಾಳುತ್ತದೆ. ಹೊರತುದಿಯಲ್ಲಿ 780ರ ಸಾಂದ್ರತೆಗೆ ಅಂಟು ದಿನಗಳೆದಂತೆ ಕಂದುತ್ತದೆ. ಅಲ್ಲಿ ಫೈಬರ್ ಬೇಡ, 4.5 ಮಿಲಿಮೀಟರಿನ ಆಸ್ಫೆರಿಕ್ ಲೆನ್ಸ್ ಸಾಕು. ಯುವಿ ಅಂಟು ಗಟ್ಟಿಯಾಗುವಾಗ ಒಂದೆರಡು ಮೈಕ್ರಾನ್ ಕುಗ್ಗಿ ಫೈಬರನ್ನು ಎಳೆಯುತ್ತದೆ. ಮೊದಲ ನಾಲ್ಕು ಪ್ರಯತ್ನ ಅದರಲ್ಲೇ ಹೋದವು, ಕಪ್ಲಿಂಗ್ ಶೇಕಡಾ 60ರಿಂದ 35ಕ್ಕೆ ಇಳಿಯುತ್ತಿತ್ತು. ಒಂದೇ ಸಲ ಬೇಯಿಸದೆ ಐದೈದು ಸೆಕೆಂಡಿನಂತೆ ಬೆಳಕು ತೋರಿಸಿ, ನಡುವೆ ಮತ್ತೆ ಅಲೈನ್ ಮಾಡಬೇಕು. ಇಷ್ಟರಿಂದ ಅರ್ಧ ಕೆಲಸ ಆಗುತ್ತದೆ. ಉಳಿದರ್ಧ ಎಳೆತವನ್ನು ಮೊದಲೇ ಲೆಕ್ಕ ಹಿಡಿದು ಫೈಬರನ್ನು ಯಾವ ಕಡೆ, ಎಷ್ಟು ಸರಿಸಿ ಇಡಬೇಕು ಎನ್ನುವುದು. ಅದನ್ನು ಹೇಳುವುದಿಲ್ಲ. ಅಂಟಿನಿಂದ ಅಂಟಿಗೆ ಬದಲಾಗುತ್ತದೆ, ನೀವೇ ಹಾಳು ಮಾಡಿ ಕಲಿಯುವುದು ಒಳ್ಳೆಯದು.

ಅಂಕಿಗಳು: ಚಿಪ್ ಒಳಗೆ 10 ಮಿಲಿವ್ಯಾಟ್ ಹೋದಾಗ 780ರಲ್ಲಿ 135 ಮೈಕ್ರೋವ್ಯಾಟ್, ಅಂದರೆ ವ್ಯಾಟಿಗೆ ಶೇಕಡಾ 135. ಆಂಪ್ಲಿಫೈಯರಿನ 500ರಲ್ಲಿ ಫಿಲ್ಟರ್, ಸ್ಪ್ಲೈಸ್ ದಾಟಿ 415, ಗೈಡ್ ಒಳಗೆ 250. 1560ರ ಬೆಳಕು 780 ಆಗುತ್ತಾ ಸವೆಯುವುದನ್ನೂ ಹಿಡಿದು ಲೆಕ್ಕ ಮಾಡಿದರೆ 68 ಬರಬೇಕು, ಲೆನ್ಸ್ ದಾಟಿ 62 ಸಿಗುತ್ತಿದೆ. ಇದಕ್ಕಿಂತ ಹತ್ತಿರ ಬರಲು ಸಾಧ್ಯವಿದ್ದರೆ ಮಾಡಿ ತೋರಿಸಿ.

ಕೊನೆಯ ತಲೆನೋವು ಪೋಲರೈಸೇಶನ್. ಕೇಬಲ್ ಟಿವಿ ಆಂಪ್ಲಿಫೈಯರಿನಲ್ಲಿ ಪಿಎಂ ಫೈಬರ್ (ಪೋಲರೈಸೇಶನ್ ತಿರುಗದಂತೆ ಕಾಯುವಂಥದ್ದು) ಇರುವುದಿಲ್ಲ. ಝಡ್ ಕಟ್ ಚಿಪ್‌ಗೆ ಬೇಕಾದ್ದು ಟಿಎಂ (ಚಿಪ್‌ನ ಮೇಲ್ಮುಖಕ್ಕೆ ಲಂಬವಾದ ಪೋಲರೈಸೇಶನ್) ಒಂದೇ. 780ರ ಪವರ್ ಕೋಸೈನಿನ ನಾಲ್ಕನೇ ಘಾತದಂತೆ ಬೀಳುತ್ತದೆ: 10 ಡಿಗ್ರಿ ತಿರುಗಿದರೆ ಶೇಕಡಾ 6, 20 ಡಿಗ್ರಿಗೆ 22. ಎಸಿ ಆನ್ ಆದರೆ ಸಾಕು, ಬೆಳಕು ಉಯ್ಯಾಲೆ. ಪೋಲರೈಸೇಶನ್ ತಿರುಗಿಸುವ ಪ್ಯಾಡಲ್‌ಗಳನ್ನು ಟೇಪ್ ಹಾಕಿ ಬಿಗಿದು, ಸುರುಳಿಗಳನ್ನು ಫೋಮಿನಲ್ಲಿ ಹುದುಗಿಸಿದರೂ ಗಂಟೆಗೆ ಶೇಕಡಾ 10 ಜಾರುತ್ತಿತ್ತು. ಈಗ ವೋಲ್ಟೇಜ್ ಕೊಟ್ಟರೆ ಫೈಬರನ್ನು ಹಿಂಡುವ ಪೀಜೋ ಸ್ಕ್ವೀಜರ್ ಮೂರು ಹಾಕಿ, 780ರ ಮಾನಿಟರ್ ನೋಡಿಕೊಂಡು ಆರ್ಡುಯಿನೊ ಒಂದೊಂದನ್ನೇ ಕೊಂಚ ಹಿಂಡಿ ಬಿಟ್ಟು ಶಿಖರ ಹುಡುಕುತ್ತದೆ. ಶೇಕಡಾ 2ರೊಳಗೆ ನಿಲ್ಲುತ್ತದೆ. ಪೀಜೋ ತನ್ನ ಮಿತಿಗೆ ಬಂದಾಗ ಲಾಕ್ ಕಳೆಯದೆ ಹಿಂದಕ್ಕೆ ತರುವ ಬಗೆಯೊಂದಿದೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಸೆಲ್ ಮುಂದೆ ಇಟ್ಟಾಗ ನಾಲ್ಕು ಡಾಪ್ಲರ್ ಗುಂಡಿಗಳು (ರುಬಿಡಿಯಂ ಬೆಳಕು ಹೀರಿದ ತಗ್ಗುಗಳು) 780ರಲ್ಲಿ ಸುಮಾರು 7 ಗಿಗಾಹರ್ಟ್ಜ್ ಹರಡಿವೆ. ಡಿಎಫ್‌ಬಿ ಓಡಬೇಕಾದ್ದು ಅದರ ಅರ್ಧ, ಮೂರೂವರೆ ಮಿಲಿಆಂಪ್ ಸ್ವೀಪ್ ಸಾಕು. ಲೇಸರಿನ ಒಂದು ಮೆಗಾಹರ್ಟ್ಜ್ ನಡುಕ ಇಲ್ಲಿ ಎರಡಾಗುತ್ತದೆ ಎಂಬುದು ನೆನಪಿರಲಿ. ರುಬಿಡಿಯಂ ಗೆರೆಯ ಅಗಲವೇ 6 ಮೆಗಾಹರ್ಟ್ಜ್ ಇರುವುದರಿಂದ ನಮ್ಮ ಕೆಲಸಕ್ಕೆ ನಡೆಯುತ್ತದೆ. ಬೆಳಿಗ್ಗೆ ಆನ್ ಮಾಡುವ ಕ್ರಮ: ಓವನ್, ಇಪ್ಪತ್ತು ನಿಮಿಷ ಬಿಟ್ಟು ಸೀಡ್, ಇಂಟರ್‌ಲಾಕ್ ದೀಪ ಹಸಿರಾದ ಮೇಲೆ ಪಂಪ್ ಹಾಕಿ 100 ಮಿಲಿವ್ಯಾಟ್, ಸ್ಕ್ವೀಜರ್ ಶಿಖರ ಹಿಡಿದ ಮೇಲೆ 500. ಆಫ್ ಮಾಡುವಾಗ ಇದೇ ಕ್ರಮ ಹಿಂದುಮುಂದಾಗಿ, ಓವನ್ ಎಲ್ಲಕ್ಕಿಂತ ಕೊನೆಗೆ.